ಹಿಮ್ಮೇಳವಿಲ್ಲದ ಕೋಣೆ

(ಲೊಕ್ಕನಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಜಾನಪದ ಸಂಗೀತದ ಮೇಲೆ ಮಾತಾಡಬೇಕೆಂದು ಸಂಘಟಕರು ಕೇಳಿದ್ದರು. ಆ ವಿಷಯವನ್ನು ನಾನು ಬಿಟ್ಟುಕೊಡುವುದಿಲ್ಲ, ಆದರೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತೇನೆ. ಒಬ್ಬರೇ ಕುಳಿತು, ಮನೆಯಲ್ಲೇ, ಕೈಗೆ ಸಿಕ್ಕ ಯಂತ್ರದಲ್ಲಿ ಧ್ವನಿಮುದ್ರಿಸಿಕೊಂಡು ಹೊಸ ಬಗೆಯ ಸಂಗೀತ ಕಟ್ಟುವವರ ಬಗ್ಗೆ ಇವತ್ತು ಮಾತಾಡುತ್ತೇನೆ. ಅಂಥವರು ಅಮೆರಿಕದಲ್ಲಿದ್ದಾರೆ, ಇಂಗ್ಲೆಂಡಿನಲ್ಲಿದ್ದಾರೆ, ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿದ್ದಾರೆ. ಲೊಕ್ಕನಹಳ್ಳಿ ಹೋಬಳಿಯಲ್ಲೂ ಇರಬಲ್ಲರು, ಇರಬೇಕು ಎಂಬುದು ನನ್ನ ಆಸೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವನು, ಸಂಗೀತ ಕೇಳುತ್ತ ಬೆಳೆದವನು. ಹಾಗಾಗಿ ಮಾತಿನ ನಡುವೆ ಒಂದೆರಡು ಲೆಕ್ಕ ಬಂದರೆ ಬೇಸರ ಮಾಡಿಕೊಳ್ಳಬೇಡಿ.

ಈ ಊರಿನ ಒಂಟಿತನವನ್ನು ನಿಮಗೆ ವಿವರಿಸಬೇಕಾಗಿಲ್ಲ. ಪಡುವಲಿಗೆ ಬಿಳಿಗಿರಿರಂಗನ ಬೆಟ್ಟದ ಕಾಡು, ಮೂಡಲಿಗೆ ಮಲೆ ಮಹದೇಶ್ವರ ಬೆಟ್ಟದ ಕಾಡು, ಎರಡನ್ನೂ ಕೂಡಿಸುವ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿ. ಕೊಳ್ಳೇಗಾಲದಿಂದ ಬಂದ ರಸ್ತೆ ನಮ್ಮನ್ನು ದಾಟಿ ಒಡೆಯರಪಾಳ್ಯದ ಮೇಲೆ ಹಾಸನೂರಿನ ಕಡೆಗೆ ಕಾಡು ಹೊಗುತ್ತದೆ. ಕತ್ತಲಾದ ಮೇಲೆ ಯಾರೂ ಸುಮ್ಮನೆ ಓಡಾಡುವುದಿಲ್ಲ. ಮುಸುಕಿನ ಜೋಳ ಕಾಳು ಕಟ್ಟುವ ಹೊತ್ತಿಗೆ ಮನೆಗೊಬ್ಬರು ಆನೆಗಳಿಂದ ಬೆಳೆ ಕಾಯುತ್ತ ಹೊಲದ ಅಟ್ಟಣೆಯಲ್ಲಿ ರಾತ್ರಿ ಕಳೆಯುತ್ತಾರೆ. ಕಾಡುಗಳ್ಳ ವೀರಪ್ಪನ್ ಕಾಲದಲ್ಲಂತೂ ಈ ಸೀಮೆಯ ಸಂಜೆಗಳು ಇನ್ನೂ ಬೇಗ ಮುಗಿಯುತ್ತಿದ್ದವು. 1992ರಲ್ಲಿ ಅವನ ತಂಡ ರಾಮಾಪುರ ಪೊಲೀಸ್ ಠಾಣೆಯ ಮೇಲೆ ನಡೆಸಿದ ದಾಳಿಯಿಂದ ಹಿಡಿದು ಅವನು ಸತ್ತ 2004ರ ಅಕ್ಟೋಬರ್‌ವರೆಗೆ ಕಾಡಂಚಿನ ಜನ ಎರಡು ಕಡೆಯ ಬಂದೂಕುಗಳ ನಡುವೆ ಬದುಕಿದರು. 2000ದ ಜುಲೈ 30ರ ರಾತ್ರಿ ಅವನು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿ ಒಯ್ದಾಗ ಇಡೀ ಕರ್ನಾಟಕ 108 ದಿನ ಈ ಕಾಡಿನ ಕಡೆ ಕಿವಿ ಇಟ್ಟುಕೊಂಡಿತ್ತು. ಆಗ ಕಾಡಿನೊಳಗಿಂದ ಹೊರಗೆ ಬಂದದ್ದು ಕ್ಯಾಸೆಟ್ಟು. ಮಾತುಕತೆಗೆ ಹೋದವರ ಕೈಯಲ್ಲಿ ಧ್ವನಿ ಓಡಾಡಿತು. ಮರದ ಕೆಳಗೆ, ಬ್ಯಾಟರಿ ಹಾಕಿದ ಯಂತ್ರದಲ್ಲಿ ಮುದ್ರಿಸಿದ ಆ ಮಾತುಗಳಿಗೆ ನಾಡು ಉತ್ತರ ಕೊಡಲೇಬೇಕಾಯಿತು. ಅದು ಸಂಗೀತವಾಗಿರಲಿಲ್ಲ, ಸಂಕಟವಾಗಿತ್ತು. ಆದರೂ ಅದನ್ನು ಇಲ್ಲಿ ನೆನೆಯಲು ಕಾರಣವಿದೆ. ಒಂಟಿ ಜಾಗದಲ್ಲಿ ಮುದ್ರಿಸಿದ ಪ್ರತಿ ಧ್ವನಿಯೂ ಮರುದನಿಯೊಂದಕ್ಕೆ ಕಾಯುತ್ತದೆ. ನನ್ನ ಇವತ್ತಿನ ಮಾತೆಲ್ಲ ಆ ಕಾಯುವಿಕೆಯ ಸುತ್ತಲೇ ಇದೆ.

ನಮ್ಮ ಹಾಡುಗಾರಿಕೆ ಒಬ್ಬನಿಂದ ಆಗುವ ಕೆಲಸವಲ್ಲ. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ಮಂಟೇಸ್ವಾಮಿಯ ಕಥೆ ಎತ್ತಿಕೊಂಡಾಗ, ಮಹದೇಶ್ವರ ಬೆಟ್ಟದಲ್ಲಿ ಕಂಸಾಳೆಯವರು ಮಾದಪ್ಪನ ಸಾಲು, ಅಂದರೆ ಕಾವ್ಯದ ಒಂದು ಭಾಗ, ಹಿಡಿದಾಗ ನೋಡಿ. ಮುಂದಾಳು ಒಂದು ಪಾದ ಹಾಡುತ್ತಾನೆ, ಹಿಮ್ಮೇಳದವರು ಸೊಲ್ಲು, ಅಂದರೆ ಪಲ್ಲವಿ, ಹಿಡಿಯುತ್ತಾರೆ. ಕಥೆಯನ್ನು ಮಾತಿನಲ್ಲಿ ನಡೆಸುವಾಗ ಪಕ್ಕದವನು ಹೂಂಗುಟ್ಟುತ್ತಾನೆ. ತಂಬೂರಿ ಶ್ರುತಿಯನ್ನು ಕಾಯುತ್ತದೆ, ಗಗ್ಗರ ಮತ್ತು ಡಕ್ಕಿ ಕಾಲವನ್ನು ಕಾಯುತ್ತವೆ. ಸೊಲ್ಲು ಬರೀ ಅಲಂಕಾರಕ್ಕೆ ಇದೆ ಎಂದು ತಿಳಿಯಬೇಡಿ. ಹಿಮ್ಮೇಳದವರು ಸೊಲ್ಲು ಹಾಡುವ ಆ ಕೆಲವು ಕ್ಷಣಗಳಲ್ಲಿ ಮುಂದಾಳು ಉಸಿರು ತೆಗೆದುಕೊಳ್ಳುತ್ತಾನೆ, ಮುಂದಿನ ಸಾಲನ್ನು ಮನಸ್ಸಿನಲ್ಲಿ ಕೂಡಿಸಿಕೊಳ್ಳುತ್ತಾನೆ. ರಾತ್ರಿಯಿಡೀ ನಡೆಯುವ ಕಾವ್ಯ ಕಟ್ಟಲು ಸಾಧ್ಯವಾಗಿರುವುದು ಆ ಬಿಡುವಿನಿಂದ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಲೆಯ ಮಾದೇಶ್ವರ ಕಾವ್ಯ 1973ರಲ್ಲಿ ಅಚ್ಚಾಯಿತು. ಮುಂದೆ ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡ ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು. ಅದು ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರ ಅನುವಾದದಲ್ಲಿ ಇಂಗ್ಲಿಷಿಗೂ ಹೋಯಿತು. ‘ಮತ್ತು ಅವರ ತಂಡ’ ಎಂಬ ಮಾತನ್ನು ಗಮನಿಸಿ. ಅಚ್ಚಿನಲ್ಲಿ ಪ್ರತಿ ಸೊಲ್ಲನ್ನೂ ಮತ್ತೆ ಮತ್ತೆ ಹಾಕಲಾಗುವುದಿಲ್ಲ. ಆದರೆ ಆ ತಂಡವಿಲ್ಲದೆ ಕಾವ್ಯ ಎರಡು ಗಂಟೆಯೂ ನಡೆಯುತ್ತಿರಲಿಲ್ಲ.

ಮಾದಪ್ಪನ ಕಾವ್ಯದಲ್ಲಿ ಅತ್ಯಂತ ಒಂಟಿಯಾದ ಜೀವ ಸಂಕಮ್ಮ. ಕಾಡಿಗೆ ಹೊರಟ ಗಂಡ ನೀಲೇಗೌಡ ಭಾಷೆ ಕೊಡು ಎಂದು ಕೇಳುತ್ತಾನೆ, ಅವಳು ಕೊಡುವುದಿಲ್ಲ. ಅವನು ಹಿಂಸಿಸಿ ಗುಡಿಸಲಲ್ಲಿ ಒಬ್ಬಳನ್ನೇ ಬಿಟ್ಟು ಹೋಗುತ್ತಾನೆ. ಕಾಡಿನ ನಡುವೆ ಒಂದು ಹೆಣ್ಣು, ಕರೆದರೆ ಓಗೊಡುವವರು ಯಾರೂ ಇಲ್ಲ. ಆ ಒಂಟಿತನವನ್ನು ನಮಗೆ ಮುಟ್ಟಿಸುವುದು ನಾಲ್ಕೈದು ಗಂಟಲು ಕೂಡಿ ಹಾಡುವ ಸೊಲ್ಲು. ಅವಳ ಕಥೆಯಲ್ಲಿ ಇಲ್ಲದ ಓಗೊಡುವಿಕೆಯನ್ನು ಹಾಡುವವರು ತುಂಬಿಕೊಡುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನ್ನ ಮನಸ್ಸಿಗೆ ಬರುವ ಪ್ರಶ್ನೆ ಇದು: ಸಂಕಮ್ಮನ ಹಾಗೆ ಒಬ್ಬರೇ ಇರುವವರು ತಾವೇ ಹಾಡಬೇಕಾಗಿ ಬಂದರೆ? ಹಿಮ್ಮೇಳಕ್ಕೆ ಎಲ್ಲಿ ಹೋಗಬೇಕು?

2020ರ ಮಾರ್ಚ್ 25ರಿಂದ ಆ ಪ್ರಶ್ನೆ ಎಲ್ಲರ ಮನೆಯೊಳಗೂ ಬಂತು. ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಜೂನ್ ಎರಡನೇ ವಾರದವರೆಗೆ ಒಂದೂ ಕೊರೊನಾ ಪ್ರಕರಣ ದಾಖಲಾಗಿರಲಿಲ್ಲ. ಆದರೂ ಬೆಟ್ಟದ ಬಾಗಿಲು ಮುಚ್ಚಿತು, ಹರಕೆ ಸೇವೆ ನಿಂತಿತು, ಮೇಳ ಕೂಡಲಿಲ್ಲ. ಹಾಡುವ ಮನೆತನದ ಹುಡುಗರು ಫೋನನ್ನು ಗೋಡೆಗೆ ಒರಗಿಸಿ ಒಬ್ಬೊಬ್ಬರೇ ಹಾಡಿ ಕಳಿಸಿದರು. ಅಂಥ ಹಾಡುಗಳನ್ನು ನಾನು ಬಹಳ ಕೇಳಿದೆ. ಕಂಠ ಚೆನ್ನಾಗಿತ್ತು, ಸಾಹಿತ್ಯ ನೆನಪಿತ್ತು, ಆದರೂ ಎರಡು ನಿಮಿಷದಲ್ಲಿ ಹಾಡು ದಣಿಯುತ್ತಿತ್ತು. ಸೊಲ್ಲು ಬರಬೇಕಾದ ಜಾಗದಲ್ಲಿ ಹಾಡುವವನು ಅಭ್ಯಾಸಬಲದಿಂದ ನಿಲ್ಲುತ್ತಿದ್ದ. ಅಲ್ಲಿ ಏನೂ ಬರುತ್ತಿರಲಿಲ್ಲ.

ಹೊರದೇಶದ ಕೆಲವು ಕಥೆಗಳು ನನಗೆ ನಮ್ಮವೇ ಅನ್ನಿಸುವುದು ಇಂಥ ಖಾಲಿ ಜಾಗದಿಂದಾಗಿ. ಲೆಸ್ ಪಾಲ್ ಎಂಬ ಗಿಟಾರ್ ವಾದಕ 1940ರ ದಶಕದಲ್ಲಿ ಹಾಲಿವುಡ್‌ನ ತನ್ನ ಮನೆಯ ಗ್ಯಾರೇಜಿನಲ್ಲಿ ಕುಳಿತು ಒಂದು ಗ್ರಾಮಾಫೋನ್ ತಟ್ಟೆಯ ಮೇಲೆ ಗಿಟಾರ್ ಮುದ್ರಿಸಿದ. ಅದನ್ನು ನುಡಿಸಿಕೊಂಡು, ಅದರ ಜೊತೆ ತಾನೇ ಮತ್ತೊಮ್ಮೆ ಬಾರಿಸಿ ಇನ್ನೊಂದು ತಟ್ಟೆಗೆ ಮುದ್ರಿಸಿದ. ಹೀಗೆ ಎಂಟು ಪದರ ಕೂಡಿಸಿದ ಅವನ ತಟ್ಟೆ 1948ರಲ್ಲಿ ಮಾರುಕಟ್ಟೆಗೆ ಬಂತು. ಒಬ್ಬ ಮನುಷ್ಯ ತನಗೆ ತಾನೇ ಹಿಮ್ಮೇಳವಾದ. ಇವತ್ತು ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಬಹುಪದರ ಧ್ವನಿಮುದ್ರಣವೆಲ್ಲ ಆ ಗ್ಯಾರೇಜಿನ ಸಂತಾನ.

ನನಗೆ ಇನ್ನೂ ಹತ್ತಿರವಾದವನು ಆಲ್ವಿನ್ ಲೂಸಿಯೆ ಎಂಬ ಅಮೆರಿಕದ ಸಂಗೀತ ರಚನಕಾರ. ಅವನಿಗೆ ಉಗ್ಗು ಇತ್ತು. 1969ರಲ್ಲಿ ಅವನು ರಚಿಸಿದ ಕೃತಿಯೊಂದರಲ್ಲಿ ವಾದ್ಯವೇ ಇಲ್ಲ. ಕೋಣೆಯಲ್ಲಿ ಕುಳಿತು ಕೆಲವು ವಾಕ್ಯಗಳನ್ನು ಓದಿ ಮುದ್ರಿಸುತ್ತಾನೆ. ಆ ಮುದ್ರಣವನ್ನು ಅದೇ ಕೋಣೆಯಲ್ಲಿ ಸ್ಪೀಕರಿನಿಂದ ನುಡಿಸಿ, ಕೋಣೆಯಲ್ಲಿ ಕೇಳಿದ್ದನ್ನು ಮತ್ತೆ ಮುದ್ರಿಸುತ್ತಾನೆ. ಹಾಗೆಯೇ ಮತ್ತೆ, ಮತ್ತೆ. ಒಂದೊಂದು ಸುತ್ತಿಗೂ ಮಾತು ಮಸುಕಾಗುತ್ತದೆ, ಉಗ್ಗು ಕರಗುತ್ತದೆ, ಕೊನೆಗೆ ಉಳಿಯುವುದು ಆ ಕೋಣೆಗೆ ಒಗ್ಗುವ ಕೆಲವು ಸ್ವರಗಳ ನಾದ ಮಾತ್ರ.

ಯಾಕೆ ಹೀಗಾಗುತ್ತದೆ? ಪ್ರತಿ ಕೋಣೆಗೂ ತನ್ನದೇ ಶ್ರುತಿಯಿದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಹತ್ತಡಿ ಇದೆ ಅಂದುಕೊಳ್ಳಿ, ಅಂದರೆ ಸುಮಾರು ಮೂರು ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಗೋಡೆಯಿಂದ ಗೋಡೆಗೆ ಹೋಗಿ ಬರುವ ದಾರಿ ಆರು ಮೀಟರ್. 340ನ್ನು ಆರರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 57 ಕಂಪನ. ಅದು, ಅದರ ಇಮ್ಮಡಿ 114, ಮುಮ್ಮಡಿ 171, ಇವು ಆ ಕೋಣೆ ಇಷ್ಟಪಡುವ ಸ್ವರಗಳು. 114 ಎಂದರೆ ಗಂಡಸಿನ ತಗ್ಗು ಕಂಠದ ಸುತ್ತಮುತ್ತಲಿನ ಸ್ವರ. ಇವತ್ತು ರಾತ್ರಿ ಮನೆಗೆ ಹೋಗಿ, ಬಾಯಿ ಮುಚ್ಚಿಕೊಂಡು ಮ್... ಎಂದು ತಗ್ಗಿನಿಂದ ಮೆಲ್ಲಗೆ ಏರಿಸುತ್ತ ಹೋಗಿ. ಒಂದು ಕಡೆ ಕೋಣೆ ತಾನೇ ದನಿಗೂಡಿಸುತ್ತದೆ, ನೀವು ಜೋರು ಮಾಡದೆಯೇ ದನಿ ಊದಿಕೊಳ್ಳುತ್ತದೆ. ಆರ್‌ಸಿಸಿ ಮನೆಯ ಬೋಳು ಗೋಡೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನಾಡಹೆಂಚಿನ ಮನೆಯಲ್ಲಿ, ಮೂಲೆಯಲ್ಲಿ ರಾಗಿ ಮೂಟೆ ಪೇರಿಸಿದ್ದರೆ ಅಷ್ಟಾಗಿ ಸಿಗುವುದಿಲ್ಲ, ಮೂಟೆಗಳು ದನಿಯನ್ನು ಕುಡಿಯುತ್ತವೆ. ನನ್ನ ಮಾಳಿಗೆ ಕೋಣೆಯಲ್ಲಿ ಮಾಡಿದ ಇಂಥ ಒಂದು ಮುದ್ರಣವನ್ನು ನಿಮಗೆ ಕೇಳಿಸುತ್ತೇನೆ. ಮೊದಲು ನಾನು ಈ ಹೋಬಳಿಯ ಊರುಗಳ ಹೆಸರನ್ನು ಓದುತ್ತೇನೆ. ಆಮೇಲೆ ಏನಾಗುತ್ತದೆ ಎಂದು ಕೇಳಿ.

(ಇಲ್ಲಿ ಧ್ವನಿಮುದ್ರಣವನ್ನು ಕೇಳಿಸಲಾಯಿತು.)

ಒಡೆಯರಪಾಳ್ಯ, ಬೈಲೂರು, ಪಿ. ಜಿ. ಪಾಳ್ಯ ಎಂಬ ಹೆಸರುಗಳು ಮೊದಲು ಸ್ಪಷ್ಟವಾಗಿದ್ದವು. ಕೊನೆಯಲ್ಲಿ ಅವುಗಳ ಅಕ್ಷರ ಹೋಗಿ ಲಯ ಉಳಿಯಿತು. ಮೂರು ಸ್ವರ ಮಾತ್ರ ತೂಗುತ್ತಿದ್ದವು. ಇದನ್ನು ಕೇಳಿದ ನೀಲಗಾರ ಮನೆತನದ ಹಿರಿಯರೊಬ್ಬರು ನನಗೆ ಹೇಳಿದ್ದು, ‘ಇದು ತಂಬೂರಿ ಕಣಪ್ಪ, ಗೋಡೆ ತಂಬೂರಿ.’ ಲೂಸಿಯೆಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಆ ಮಾತಿನಷ್ಟು ಒಳಗಿಳಿದಿಲ್ಲ.

ತಂಬೂರಿ ಎಂದಾಗ ಇನ್ನೊಂದು ನಂಟನ್ನು ಹೇಳಬೇಕು. ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆ ನಮ್ಮ ಕನ್ನಡನಾಡಿಗೆ ಅಬ್ದುಲ್ ಕರೀಂ ಖಾನರ ಮೂಲಕ ಬಂತು, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಬೇರೂರಿತು, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಲ್ಲಿ ಮರವಾಯಿತು. ಅದೇ ಘರಾಣೆಯ ಇನ್ನೊಂದು ಕವಲಿನಲ್ಲಿ, ಅಬ್ದುಲ್ ವಹೀದ್ ಖಾನರ ಶಿಷ್ಯರಾಗಿ ಪಂಡಿತ್ ಪ್ರಾಣನಾಥ್ ಬೆಳೆದರು. ಅವರು ಡೆಹ್ರಾಡೂನಿನ ಬಳಿಯ ತಪಕೇಶ್ವರದ ಗುಹೆಯಲ್ಲಿ ವರ್ಷಗಟ್ಟಲೆ ಒಬ್ಬರೇ ಹಾಡಿಕೊಂಡಿದ್ದವರು. 1970ರಲ್ಲಿ ಅವರು ಅಮೆರಿಕಕ್ಕೆ ಹೋದಾಗ ಅಲ್ಲಿನ ಪ್ರಯೋಗಶೀಲ ಸಂಗೀತಗಾರರು ಅವರ ಮುಂದೆ ಶಿಷ್ಯರಾಗಿ ಕುಳಿತರು. ಅವರಲ್ಲೊಬ್ಬ ಟೆರಿ ರೈಲಿ. ಅವನು ಅದಕ್ಕೂ ಮೊದಲೇ ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪನ್ನು ಹಾಯಿಸುವ ಏರ್ಪಾಡನ್ನು ಬಳಸುತ್ತಿದ್ದ. ಮೊದಲ ಯಂತ್ರ ಬರೆದುಕೊಂಡದ್ದನ್ನು ಎರಡನೆಯ ಯಂತ್ರ ಸ್ವಲ್ಪ ಹೊತ್ತಿನ ಮೇಲೆ ಓದುತ್ತದೆ, ಓದಿದ್ದನ್ನು ಮತ್ತೆ ಮೊದಲ ಯಂತ್ರಕ್ಕೆ ಒಪ್ಪಿಸುತ್ತದೆ. ನುಡಿಸಿದ ಸ್ವರ ಹೋಗಿ, ತಿರುಗಿ ಬಂದು, ಹೊಸ ಸ್ವರದ ಜೊತೆ ಕೂಡಿಕೊಳ್ಳುತ್ತದೆ. ರಾತ್ರಿಯಿಡೀ ಅವನು ಹೀಗೆ ಒಬ್ಬನೇ ಕಛೇರಿ ನಡೆಸಿದ. ನೀಲಗಾರನಿಗೆ ಸೊಲ್ಲು ಕೊಡುವ ಬಿಡುವನ್ನು ರೈಲಿಗೆ ಟೇಪು ಕೊಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಈ ಏರ್ಪಾಡು ಬೆಟ್ಟದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಬಂಡೆಯ ಮುಖದಿಂದ ನೂರೆಪ್ಪತ್ತು ಮೀಟರ್ ದೂರ ನಿಂತು ಕೂಗಿದರೆ ಕೂಗು ಒಂದು ಸೆಕೆಂಡಿಗೆ ಹಿಂದಕ್ಕೆ ಬರುತ್ತದೆ. ದನ ಮೇಯಿಸುವ ಮಕ್ಕಳಿಗೆ ಇದು ಗೊತ್ತು.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ಹಿಮ್ಮೇಳ ಬೇಡವೆಂದೇ ಒಂಟಿಯಾಗಿ ಕೂರುವವರಿಲ್ಲವೇ? ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅಮೆರಿಕದ ದೊಡ್ಡ ಹೆಸರು, ಜೊತೆಗೆ ಹೆಸರಾಂತ ವಾದ್ಯತಂಡವಿತ್ತು. 1982ರ ಜನವರಿಯಲ್ಲಿ ಅವನು ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಕ್ಯಾಸೆಟ್ಟಿನ ಮೇಲೆ ನಾಲ್ಕು ಪದರ ಮುದ್ರಿಸುವ ಚಿಕ್ಕ ಯಂತ್ರವೊಂದನ್ನು ಇಟ್ಟುಕೊಂಡು ಹಾಡಿದ. ತಂಡಕ್ಕೆ ಹಾಡು ಕಲಿಸಲು ಮಾಡಿದ ಕಚ್ಚಾ ಪ್ರತಿ ಅದು. ಆಮೇಲೆ ತಂಡ ಸ್ಟುಡಿಯೋದಲ್ಲಿ ಅವೇ ಹಾಡುಗಳನ್ನು ಬಾರಿಸಿತು. ಕ್ಯಾಸೆಟ್ಟಿನಲ್ಲಿದ್ದ ಜೀವ ಬರಲಿಲ್ಲ. ಕೊನೆಗೆ, ಅವನು ಪೆಟ್ಟಿಗೆಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದ ಆ ಕ್ಯಾಸೆಟ್ಟನ್ನೇ ‘ನೆಬ್ರಾಸ್ಕಾ’ ಎಂಬ ಹೆಸರಿನಲ್ಲಿ ಹೊರತಂದರು. ಹಾಗಾದರೆ ಹಿಮ್ಮೇಳ ಬೇಡವೆನಿಸಿತೇ? ನಾಲ್ಕು ಪದರಗಳ ಲೆಕ್ಕ ನೋಡಿ. ಒಂದರಲ್ಲಿ ಹಾಡು, ಒಂದರಲ್ಲಿ ಗಿಟಾರ್. ಉಳಿದ ಎರಡನ್ನು ಅವನು ಎರಡನೇ ದನಿಗೆ, ಇನ್ನೊಂದು ಗಿಟಾರಿಗೆ, ಬಾಯಿಯ ಹಾರ್ಮೋನಿಕಕ್ಕೆ ಬಳಸಿದ. ಎಲ್ಲವನ್ನೂ ಟೇಪಿನ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸಿದ. ದೊಡ್ಡ ತಂಡವನ್ನು ಬಿಟ್ಟ, ಓಗೊಡುವ ದನಿಯನ್ನು ಬಿಡಲಿಲ್ಲ. ಆ ಹಾಡುಗಳಿಗೆ ಎಷ್ಟು ಹಿಮ್ಮೇಳ ಬೇಕೋ ಅಷ್ಟನ್ನೇ ಕೊಟ್ಟ. ಅದನ್ನು ಅಳೆಯುವ ಬಿಡುವು ಗಂಟೆಗಿಷ್ಟು ಎಂದು ಬಾಡಿಗೆ ಕೊಡುವ ಸ್ಟುಡಿಯೋದಲ್ಲಿ ಸಿಗುವುದಿಲ್ಲ, ಮನೆಯಲ್ಲಿ ಸಿಗುತ್ತದೆ. ಮನೆಯ ಧ್ವನಿಮುದ್ರಣದ ನಿಜವಾದ ಸಂಪತ್ತು ನನ್ನ ದೃಷ್ಟಿಯಲ್ಲಿ ಈ ಬಿಡುವೇ.

ಮನೆಯನ್ನೇ ಧ್ವನಿಶಾಲೆ ಮಾಡಿಕೊಂಡ ಧೈರ್ಯ ನಮ್ಮ ಸೀಮೆಗೆ ಹೊಸದಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ‘ವಿಠ್ಠಲ ವಿಹಾರ’ ಮನೆಯಿಂದಲೇ ಬಾನುಲಿ ಆರಂಭಿಸಿದರು. 30 ವಾಟ್‌ನ ಪ್ರಸಾರ ಯಂತ್ರ, ಅಂದರೆ ಹಳೆಯ ಕಾಲದ ಟ್ಯೂಬ್‌ಲೈಟಿಗೂ ಸಾಲದಷ್ಟು ಶಕ್ತಿ. ಮುಂದೆ ಇಡೀ ದೇಶದ ಬಾನುಲಿಗೆ ನಿಂತ ‘ಆಕಾಶವಾಣಿ’ ಎಂಬ ಹೆಸರು ಆ ಮನೆಯದು.

ಈಗ ಫೋನಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಮಾತು ನಿಮ್ಮ ಕೈಯಲ್ಲಿರುವ ಸಾಮಾನಿನದು.

ಕಂಸಾಳೆಯನ್ನು ಫೋನಿನಲ್ಲಿ ಮುದ್ರಿಸಿದ್ದೀರಾ? ಎಡಗೈಯ ಕಂಚಿನ ಬಟ್ಟಲಿಗೆ ಬಲಗೈಯ ತಾಳ ಬಿದ್ದೊಡನೆ ಫೋನು ಗಾಬರಿಯಾದಂತೆ ಇಡೀ ಧ್ವನಿಮಟ್ಟವನ್ನು ಇಳಿಸುತ್ತದೆ. ಜೋರು ಸದ್ದು ಬಂದರೆ ಇಳಿಸುವ, ಸಣ್ಣ ಸದ್ದು ಬಂದರೆ ಏರಿಸುವ ಏರ್ಪಾಡು ಅದರೊಳಗಿದೆ. ಹಾಗಾಗಿ ಪ್ರತಿ ಪೆಟ್ಟಿಗೂ ಹಾಡುವವನ ಕಂಠ ಮುಳುಗಿ, ಮತ್ತೆ ಮೇಲೆ ಬರುತ್ತದೆ. ಪೆಟ್ಟು ನಿಂತ ಮೇಲೆ ಹಿತ್ತಲಿನ ಕೋಳಿ, ದೂರದ ಟ್ರ್ಯಾಕ್ಟರು, ಮಗುವಿನ ಕೆಮ್ಮು ಎಲ್ಲ ಉಬ್ಬಿ ಮುಂದಕ್ಕೆ ಬರುತ್ತವೆ. ತಂಬೂರಿಯ ಗತಿ ಇನ್ನೂ ಕಷ್ಟದ್ದು. ಫೋನಿನ ಕರೆಯಲ್ಲಿ, ಕೆಲವು ಆ್ಯಪುಗಳಲ್ಲಿ, ಗದ್ದಲ ಅಳಿಸುವ ವ್ಯವಸ್ಥೆ ಇರುತ್ತದೆ. ಏರಿಳಿಯುವುದೆಲ್ಲ ಮಾತು, ಒಂದೇ ಸಮನೆ ಇರುವುದೆಲ್ಲ ಗದ್ದಲ ಎಂಬುದು ಅದರ ತಿಳಿವಳಿಕೆ. ಒಂದೇ ಸಮನೆ ಇರುವುದೇ ತಂಬೂರಿಯ ಧರ್ಮ. ಯಂತ್ರ ಅದನ್ನು ಫ್ಯಾನಿನ ಸದ್ದೆಂದು ತಿಳಿದು ಒರೆಸಿಹಾಕುತ್ತದೆ. ನೀಲಗಾರರು ಹಾಡುವ ಸಿದ್ದಪ್ಪಾಜಿಯ ಪದದಿಂದ ಶ್ರುತಿಯನ್ನೇ ತೆಗೆದು, ಒಣ ಕಂಠವನ್ನು ಮಾತ್ರ ಉಳಿಸಿಕೊಡುತ್ತದೆ. ನನಗೆ ಇದು ಬರೀ ತಾಂತ್ರಿಕ ತೊಡಕಾಗಿ ಕಾಣುವುದಿಲ್ಲ. ಯಾವುದು ಸಂಗೀತ, ಯಾವುದು ಕಸ ಎಂದು ಇನ್ನೆಲ್ಲೋ ಕುಳಿತವರು ಮೊದಲೇ ತೀರ್ಮಾನಿಸಿ ನಮ್ಮ ಜೇಬಿಗೆ ಹಾಕಿದ್ದಾರೆ.

ದಾರಿ ಇದೆ. ಗದ್ದಲ ಅಳಿಸುವ ವ್ಯವಸ್ಥೆಯನ್ನು ನಿಲ್ಲಿಸಿ, ಧ್ವನಿಮಟ್ಟವನ್ನು ಕೈಯಾರೆ ಹೊಂದಿಸಲು ಬಿಡುವ ಆ್ಯಪನ್ನು ಹಾಕಿಕೊಳ್ಳಿ. ಕುಗ್ಗಿಸದ ರೂಪದಲ್ಲಿ ಉಳಿಸಿ. ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 16 ಬಿಟ್, ಒಂದೇ ವಾಹಿನಿ, ಅಂದರೆ ನಿಮಿಷಕ್ಕೆ ಐದು ಎಂಬಿಗೆ ಸ್ವಲ್ಪ ಹೆಚ್ಚು. ಒಂದು ಗಂಟೆಯ ಕಥೆ 320 ಎಂಬಿಯೊಳಗೆ ಬರುತ್ತದೆ. ಒಂದು ಸಿನಿಮಾವನ್ನು ಅಳಿಸಿದರೆ ಇಡೀ ಒಂದು ಸಾಲಿಗೆ ಜಾಗವಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಧ್ವನಿಸಂದೇಶವಾಗಿ ಕಳಿಸಿದ್ದನ್ನು ಮೂಲ ಪ್ರತಿ ಎಂದು ಇಟ್ಟುಕೊಳ್ಳಬೇಡಿ, ಅದು ಸೋಸಿ ಹೋದದ್ದು.

ಆದರೆ ಫೋನಿನ ದೋಷವನ್ನೇ ವಾದ್ಯ ಮಾಡಿಕೊಳ್ಳುವ ಹಕ್ಕೂ ನಿಮಗಿದೆ. ಮುಳುಗಿ ಏಳುವ ಆ ಕಂಠವನ್ನು ಬೇಕೆಂದೇ ಇಟ್ಟುಕೊಂಡು, ಅದರ ಕೆಳಗೆ ಸರಿಯಾಗಿ ಮುದ್ರಿಸಿದ ತಂಬೂರಿಯನ್ನು ಹಾಸಿದರೆ ಹೇಗಿರುತ್ತದೆ? ಕರೆಂಟಿನ ಟ್ರಾನ್ಸ್‌ಫಾರ್ಮರ್ ಸೆಕೆಂಡಿಗೆ 100 ಕಂಪನದಲ್ಲಿ ಗುಂಯ್‌ಗುಡುತ್ತದೆ, 50ರ ಕರೆಂಟಿಗೆ ಇಮ್ಮಡಿ. ತಂಬೂರಿಯನ್ನು ಅದಕ್ಕೇ ಶ್ರುತಿ ಮಾಡಿ ನುಡಿಸಿ, ಕರೆಂಟು ಹೋದಾಗ ಏನಾಗುತ್ತದೆ ಎಂದು ಕೇಳಿ. ಪ್ರಯೋಗ ಎಂದರೆ ಇಷ್ಟೇ. ಒಂದು ಏರ್ಪಾಡು ಮಾಡುವುದು, ಏನಾಗುತ್ತದೆ ಎಂದು ಕಿವಿಗೊಟ್ಟು ಕಾಯುವುದು. ಇದನ್ನು ಮಾಡಲು ವಿದ್ವತ್ ಪರೀಕ್ಷೆ ಪಾಸಾಗಿರಬೇಕಾಗಿಲ್ಲ.

ಓಗೊಡುವ ದನಿ ಹೇಗಿರುತ್ತದೆ ಎಂದು ತಿಳಿಯಲು ಒಡೆಯರಪಾಳ್ಯದ ಟಿಬೆಟನ್ ಶಿಬಿರಕ್ಕೆ ಹೋಗಿ ಬನ್ನಿ. ನೆಲೆ ಕಳೆದುಕೊಂಡು 1970ರ ದಶಕದಲ್ಲಿ ಇಲ್ಲಿಗೆ ಬಂದವರು, ಇವತ್ತು ನಮ್ಮ ನೆರೆಯವರು. ಅಲ್ಲಿನ ಜೋಗ್‌ಚೆನ್ ಮಠದ ಉದ್ದ ಕಹಳೆಗಳನ್ನು ಇಬ್ಬರು ಜೊತೆಯಾಗಿ ಊದುತ್ತಾರೆ. ಒಬ್ಬನ ಉಸಿರು ಮುಗಿಯುವ ಮೊದಲೇ ಇನ್ನೊಬ್ಬ ಹಿಡಿದಿರುತ್ತಾನೆ, ನಾದ ಕಡಿಯುವುದಿಲ್ಲ. ಬಿಳಿಗಿರಿಯ ಪೋಡುಗಳಲ್ಲಿ, ಅಂದರೆ ಸೋಲಿಗರ ಊರುಗಳಲ್ಲಿ, ಅವರ ಗೊರುಕನ ಹಾಡು ಕೇಳಿ, ಒಬ್ಬರು ಎತ್ತಿದ್ದನ್ನು ವೃತ್ತವೇ ಮರಳಿ ಕೊಡುತ್ತದೆ. ಒಂದೇ ರಾತ್ರಿಯ ಗಾಳಿಯಲ್ಲಿ ಇವೆಲ್ಲ ಇವೆ.

ಅಟ್ಟಣೆಯ ಮಾತನ್ನು ಆಗಲೇ ಹೇಳಿದೆ. ಅಲ್ಲಿ ಕುಳಿತವನು ಒಬ್ಬನೇ. ಕೈಯಲ್ಲಿ ಬ್ಯಾಟರಿ, ಪಕ್ಕದಲ್ಲಿ ಬಡಿಯಲು ತಗಡಿನ ಡಬ್ಬ. ನಡುರಾತ್ರಿಯಲ್ಲಿ ಜೋಳದ ಗರಿ ಮುರಿದ ಸದ್ದಾದರೆ ಡಬ್ಬ ಬಡಿದು ಕೂಗು ಹಾಕುತ್ತಾನೆ. ಅರೆಗಳಿಗೆಯಲ್ಲಿ ಪಕ್ಕದ ಹೊಲದವನು ಬಡಿಯುತ್ತಾನೆ, ಆಮೇಲೆ ಅದರಾಚೆಯವನು. ಸದ್ದು ಹೊಲದಿಂದ ಹೊಲಕ್ಕೆ ದಾಟಿ ಕೆರೆಯ ಏರಿಯವರೆಗೂ ಹೋಗುತ್ತದೆ. ಪ್ರತಿ ಡಬ್ಬದ ಸ್ವರ ಬೇರೆ. ಎಣ್ಣೆಯ ಡಬ್ಬ ಒಂದು ಥರ, ಬಣ್ಣದ ಡಬ್ಬ ಇನ್ನೊಂದು ಥರ, ತುಕ್ಕು ಹಿಡಿದದ್ದು ಮತ್ತೊಂದು ಥರ. ಹತ್ತಿರದ್ದು ಚುರುಕು, ದೂರದ್ದು ಮೃದು, ಮಂಜು ಇದ್ದ ರಾತ್ರಿ ಎಲ್ಲವೂ ಬೇರೆ. ಇದು ಹೊಟ್ಟೆಪಾಡಿನ ಭಯದಿಂದ ಹುಟ್ಟಿದ ಸದ್ದು, ಅದರ ಹಿಂದೆ ಬೆಳೆ ಕಳೆದುಕೊಂಡವರ, ಜೀವ ಕಳೆದುಕೊಂಡವರ ನೋವಿದೆ. ಅದನ್ನು ಮರೆತು ‘ಎಷ್ಟು ಚೆಂದ’ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಕತ್ತಲಲ್ಲಿ ಕುಳಿತವನಿಗೆ ಆ ಎರಡನೇ ಡಬ್ಬ ಕೇಳಿದಾಗ ಏನಾಗುತ್ತದೆ ಎಂದು ಅಲ್ಲಿ ಕುಳಿತವರನ್ನು ಕೇಳಿ. ಆನೆ ಹೋಯಿತೋ ಇಲ್ಲವೋ, ತಾನೊಬ್ಬನೇ ಅಲ್ಲ ಎಂಬುದಂತೂ ಗೊತ್ತಾಗುತ್ತದೆ. ಈ ಸೀಮೆಯ ಪ್ರಯೋಗ ಸಂಗೀತ ಎಲ್ಲಿಂದಾದರೂ ಹುಟ್ಟುವುದಾದರೆ ಈ ಡಬ್ಬಗಳಿಂದ ಹುಟ್ಟಲಿ ಎಂದು ನಾನು ಬಯಸುತ್ತೇನೆ.

ಓಗೊಡುವವರಿಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಗೀತಾ ಸಾರಾಭಾಯಿ ಅವರ ಆಸಕ್ತಿಯಿಂದ, ಡೇವಿಡ್ ಟ್ಯೂಡರ್ ಎಂಬ ಅಮೆರಿಕದ ಸಂಗೀತಗಾರ ಬಂದು ಮೂಗ್ ಸಿಂಥಸೈಜರ್ ಸಹಿತ ಒಂದು ಧ್ವನಿಶಾಲೆ ಕಟ್ಟಿಕೊಟ್ಟರು. ಐ. ಎಸ್. ಮಾಥುರ್, ಎಸ್. ಸಿ. ಶರ್ಮ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಕೆಲವೇ ವರ್ಷಗಳಲ್ಲಿ ಅಲ್ಲಿ ಅಪೂರ್ವ ಕೆಲಸ ಮಾಡಿದರು. ಆಮೇಲೆ ಶಾಲೆ ಮುಚ್ಚಿತು. ಟೇಪುಗಳು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬೀರುವಿನಲ್ಲಿದ್ದವು. ಪಾಲ್ ಪರ್ಗಸ್ ಎಂಬ ಸಂಶೋಧಕ ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವು ಆಲ್ಬಮ್ಮಾಗಿ ಜನರ ಕಿವಿಗೆ ಬಿದ್ದವು. ಯಂತ್ರವಿತ್ತು, ಪ್ರತಿಭೆಯಿತ್ತು. ಕೇಳಿ ಹೂಂ ಎನ್ನುವ ನಾಲ್ಕು ಜನ ಇರಲಿಲ್ಲ. ಇಂಥದ್ದು ಲೊಕ್ಕನಹಳ್ಳಿಯ ಮೆಮೊರಿ ಕಾರ್ಡುಗಳಿಗೆ ಆಗಬಾರದು. ಎಚ್. ಎಲ್. ನಾಗೇಗೌಡರು ಟೇಪು ಹೊತ್ತುಕೊಂಡು ಹಳ್ಳಿ ಹಳ್ಳಿ ಸುತ್ತಿ, ರಾಮನಗರದ ಬಳಿ ಜಾನಪದ ಲೋಕ ಕಟ್ಟಿ ಆ ಧ್ವನಿಗಳಿಗೆ ನೆಲೆ ಮಾಡಿದರು. ಆ ಕೆಲಸದ ಒಂದು ಸಣ್ಣ ಪಾಲು ಪ್ರತಿ ಊರಿನ ಗ್ರಂಥಾಲಯದಲ್ಲೂ ನಡೆಯಬೇಕು.

ಅದಕ್ಕೆ ಕೆಲವು ಕಟ್ಟುಪಾಡು ಹೇಳಿ ನನ್ನ ಮಾತು ಮುಗಿಸುತ್ತೇನೆ. ಮುದ್ರಣ ಶುರುವಾದಾಗ ಮೊದಲು ನೀವೇ ಮಾತಾಡಿ. ದಿನಾಂಕ, ಊರು, ಯಾರ ಮನೆ, ಯಾರು ಹಾಡುತ್ತಿದ್ದಾರೆ, ಸೊಲ್ಲು ಯಾರದು, ಯಾವ ಯಂತ್ರ. ಫೈಲಿನ ಹೆಸರು ಕಳೆದುಹೋದರೂ ದನಿಯೊಳಗೆ ಅದು ಉಳಿಯುತ್ತದೆ. ಎರಡು ಕಡೆ ಪ್ರತಿ ಇಡಿ. ಇನ್ನೊಬ್ಬರ ಕಂಠವನ್ನು ತುಂಡು ಮಾಡಿ ನಿಮ್ಮ ಸಂಗೀತದಲ್ಲಿ ಕೂಡಿಸುವುದಾದರೆ ಮೊದಲು ಅವರ ಮುಂದೆ ಕುಳಿತು ಕೇಳಿಸಿ, ಒಪ್ಪಿಗೆ ಪಡೆಯಿರಿ. ಜಾನಪದ ಎಲ್ಲರದೂ, ಯಾರನ್ನೂ ಕೇಳಬೇಕಾಗಿಲ್ಲ ಎಂದು ಪೇಟೆಯವರು ಹೇಳುತ್ತಾರೆ. ಹಾಡು ಎಲ್ಲರದಿರಬಹುದು, ಆ ಹೊತ್ತು ಹಾಡಿದ ಕಂಠ ಒಬ್ಬರದು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೇ ಕಲಮು ಪ್ರದರ್ಶನ ನೀಡಿದವರಿಗೆ 50 ವರ್ಷಗಳ ಹಕ್ಕು ಕೊಟ್ಟಿದೆ. ನೀಲಗಾರನಿಗೂ ಅದು ಸಲ್ಲುತ್ತದೆ, ಪೋಡಿನ ಅಜ್ಜಿಗೂ ಸಲ್ಲುತ್ತದೆ. ದುಡ್ಡು ಬಂದರೆ ಪಾಲು ಕೊಡಿ. ಬರದಿದ್ದರೂ ಹೆಸರು ಹಾಕಿ, ಹಿಮ್ಮೇಳದವರ ಹೆಸರನ್ನೂ.

ಕಿಟಕಿಯ ಪಕ್ಕ ನಿಂತಿರುವ ಕಾಲೇಜು ಮಕ್ಕಳಲ್ಲಿ ಇಬ್ಬರು ತಾವು ಮನೆಯಲ್ಲಿ ಮಾಡಿದ ಮುದ್ರಣಗಳನ್ನು ತಂದಿದ್ದಾರೆ. ಒಂದರಲ್ಲಿ ಅಜ್ಜನ ತಂಬೂರಿ ಇದೆ, ಅಜ್ಜ ಒಪ್ಪಿದ್ದಾರೆ, ಇಲ್ಲೇ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಇನ್ನೊಂದು ಅಟ್ಟಣೆಯಲ್ಲಿ ಮಾಡಿದ್ದು. ಎರಡೂ ಸೇರಿ ಹನ್ನೊಂದು ನಿಮಿಷ. ಸ್ಪೀಕರಿನ ತಂತಿಯನ್ನು ಅವರಿಗೆ ಕೊಡುತ್ತಿದ್ದೇನೆ. ದಯವಿಟ್ಟು ಯಾರೂ ಏಳಬೇಡಿ. ಕೇಳಿದ ಮೇಲೆ ಒಬ್ಬೊಬ್ಬರೂ ನಿಮಗೆ ಏನು ಕೇಳಿಸಿತು ಎಂದು ಅವರಿಗೆ ಹೇಳಬೇಕು.